ಜಿಮ್ಮಿನ ಹಿಂದಿನ ಗೋಡೆ

ಬಾಲ್ಟಿಮೋರ್
ಜೂನ್ ೧೧

ಪ್ರೀತಿಯ ಕೋರಾ,

ಹೇಗಿದ್ದೀಯ ಮಗಳೇ? ಈಸ್ಟರ್‌ಗೆ ನೀನು ಕಳಿಸಿದ ಕಾರ್ಡಿಗೆ ಈಗ ಉತ್ತರ ಬರೆಯುತ್ತಿದ್ದೇನೆ, ಬೈಯಬೇಡ. ಪಂದ್ಯಗಳ ಕಾಲದಲ್ಲಿ ನನಗೆ ಊಟದ ನೆನಪೂ ಇರುವುದಿಲ್ಲವೆಂದು ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಈ ಸಲ ಹನ್ನೊಂದು ಗೆದ್ದೆವು, ಆರು ಸೋತೆವು. ನನ್ನ ಮೊಣಕಾಲು ಮಾತ್ರ ಹದಿನೇಳನ್ನೂ ಸೋತಿದೆ.

ಒಂದು ಸುದ್ದಿ ಇದೆ. ನಿಮ್ಮೂರಿನ ಕಾಲೇಜಿನವರು ಹೆಣ್ಣುಮಕ್ಕಳ ಲಕ್ರಾಸ್ ತಂಡಕ್ಕೆ ಕೋಚ್ ಆಗಿ ಬನ್ನಿ ಎಂದು ಕರೆದಿದ್ದಾರೆ. ಮುಂದಿನ ಶುಕ್ರವಾರದೊಳಗೆ ಹೂಂ ಅಥವಾ ಉಹೂಂ ಹೇಳಬೇಕು. ಹೋದ ವಾರ ಬಂದು ನೋಡಿಕೊಂಡೂ ಹೋದೆ.

ನನ್ನ ಸಹಾಯಕಿ ವಿನಿ ಇದನ್ನು ಕೇಳಿ ಹಣೆ ಚಚ್ಚಿಕೊಂಡಳು. "ಕೋಚ್, ತಲೆಗಿಲೆ ಕೆಟ್ಟಿದೆಯಾ ನಿಮ್ಗೆ? ಅಂಥ ಊರಿಂದ ಇಲ್ಲಿಗೆ ಬರೋಕೆ ಜನ ಸಾಯ್ತಾರೆ. ಅಲ್ಲಿ ಆಟಗಾರ್ತಿಯರಿಗೆ ಸ್ಕಾಲರ್‌ಶಿಪ್ ಇಲ್ಲ, ಸೂರಿರೋ ಮೈದಾನ ಇಲ್ಲ, ಏಪ್ರಿಲ್‌ವರೆಗೂ ಹಿಮ ಎತ್ತಿ ಹಾಕ್ತಾ ಇರ್ಬೇಕು!" ಅವಳ ಮಾತು ಸುಳ್ಳಲ್ಲ. ನಮ್ಮ ಕಸುಬಿನವರು ಕೆಲಸ ಆರಿಸುವಾಗ ಅದನ್ನೇ ನೋಡುತ್ತಾರೆ: ಯಾವ ಲೀಗು, ಎಷ್ಟು ಸ್ಕಾಲರ್‌ಶಿಪ್ಪು, ಸುತ್ತಲಿನ ಹೈಸ್ಕೂಲುಗಳಲ್ಲಿ ಒಳ್ಳೆಯ ಆಟಗಾರ್ತಿಯರಿದ್ದಾರಾ ಎಂದು. ನಾನೂ ಅದನ್ನೇ ನೋಡುತ್ತ ನಿನ್ನನ್ನು ನಾಲ್ಕು ಊರು ಸುತ್ತಿಸಿದೆ.

ಈಗ ಮೊದಲು ಗೋಡೆ ನೋಡುತ್ತೇನೆ. ಕ್ರೀಡಾ ನಿರ್ದೇಶಕ ಡಾರ್ಸಿ ಹೊಸ ಮೈದಾನ ತೋರಿಸಲು ಕರೆದೊಯ್ಯುತ್ತಿದ್ದರೆ ನಾನು ಜಿಮ್ಮಿನ ಹಿಂದಕ್ಕೆ ನುಗ್ಗಿದೆ. "ಅಲ್ಲೇನಿದೆ ಕೋಚ್, ಬರೀ ಕಸದ ಡಬ್ಬ!" ಎಂದು ಕೂಗುತ್ತ ಅವರು ಹಿಂದೆಯೇ ಓಡಿಬಂದರು. ಇಟ್ಟಿಗೆ ಗೋಡೆಯ ಮೇಲೆ, ತಲೆಯೆತ್ತರಕ್ಕೆ, ಚೆಂಡು ಬಡಿದ ಗುರುತುಗಳು ಒತ್ತೊತ್ತಾಗಿದ್ದವು. ಯಾರೂ ಹೇಳದೆ, ಯಾರೂ ನೋಡದಿದ್ದರೂ, ಒಬ್ಬೊಬ್ಬರೇ ಬಂದು ಕೋಲಿನ ತುದಿಯ ಬಲೆಯಿಂದ ಚೆಂಡೆಸೆದು ಹಿಡಿದ ಹುಡುಗಿಯರವು. ಅಂಥವರಿಗೆ ಕಲಿಸುವುದೆಂದರೆ ನನಗೆ ಹಬ್ಬ. ಈ ಗೋಡೆ ನೋಡಿಯೇ ಕೆಲಸದ ಮೇಲೆ ಆಸೆಯಾಯಿತು ಎಂದೆ. ಡಾರ್ಸಿ ನಕ್ಕು, ನಿಮ್ಮ ಕಡೆಯ ಉಪ್ಪುನೀರಲ್ಲಿ ಬೇಯಿಸಿದ ಆಲೂಗಡ್ಡೆಗೆ ಬೆಣ್ಣೆ ಸುರಿದು ಹೊಟ್ಟೆ ಬಿರಿಯುವಂತೆ ತಿನ್ನಿಸಿದರು.

ಖುಷಿಯಾಗಿದ್ದೇನೆ ಕೋರಾ. ನಾನು ಹೊರಟರೆ ವಿನಿ ಇಲ್ಲಿ ಕೋಚ್ ಆಗುತ್ತಾಳೆ. ಬೈದದ್ದು ಬೈದು, ಈಗ ನನ್ನ ಕುರ್ಚಿಯಲ್ಲಿ ಕೂತು ಅಳತೆ ನೋಡುತ್ತಿದ್ದಾಳೆ ಕಳ್ಳಿ.

ನಿನ್ನ ಗಂಡ ಎಮೆಟ್‌ಗೆ ನನ್ನ ನೆನಪು ಹೇಳು. ಇಬ್ಬರೂ ತಣ್ಣಗಿರಿ. ನಿಮ್ಮ ಟೊಮೆಟೊಗೆ ಈ ವರ್ಷವಾದರೂ ಜಿಂಕೆ ಬಾಯಿ ಹಾಕದಿರಲಿ.

ನಿನ್ನ ಅಮ್ಮ,
ಜೋನೆಟ್

ತಾ.ಕ.: ಡಾರ್ಸಿಗೆ ಹೇಳಿದ್ದು ಅರ್ಧ ನಿಜ. ಆ ಗೋಡೆಯಿಂದ ನಿನ್ನ ಮನೆಗೆ ಹನ್ನೆರಡು ನಿಮಿಷದ ನಡಿಗೆ. ನಡೆದು ಬಂದೆ, ಬಾಗಿಲು ತಟ್ಟಲು ಧೈರ್ಯ ಸಾಲದೆ ಹಿಂತಿರುಗಿದೆ. ಆ ಗುರುತುಗಳನ್ನು ಕಂಡಾಗ ನಮ್ಮ ಗ್ಯಾರೇಜಿನ ಗೋಡೆ ನೆನಪಾಗಿತ್ತು. ನೀನೂ ಒಬ್ಬಳೇ ಎಸೆದು ಹಿಡಿಯುತ್ತಿದ್ದೆ. ಹೈಸ್ಕೂಲಿನಲ್ಲಿ ನಿನ್ನ ಮೊದಲ ಪಂದ್ಯದ ದಿನ ನಾನು ಓಹಾಯೋದಲ್ಲಿ, ಬೇರೆಯವರ ಮಗಳನ್ನು ನಮ್ಮ ತಂಡಕ್ಕೆ ಸೆಳೆಯಲು ಅವಳ ಆಟ ನೋಡುತ್ತ ಕೂತಿದ್ದೆ. ಆಮೇಲಿನ ಪಂದ್ಯಗಳಿಗೂ ಹೀಗೇ ಆಯಿತು. ಆ ಹುಡುಗಿಯ ಅಂಗಿಯ ನಂಬರು ಇಪ್ಪತ್ತೆರಡು, ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ನಿನ್ನದು ನನಗೆ ಗೊತ್ತಿಲ್ಲ ಕೋರಾ. ಮರೆತದ್ದಲ್ಲ, ನೋಡಲೇ ಇಲ್ಲ. ನಾನು ನಿಮ್ಮೂರಿಗೆ ಬರುವುದು ನಿನಗೆ ಹಿತವೆನಿಸದಿದ್ದರೆ ಏನೂ ಬರೆಯಬೇಡ, ಅವರಿಗೆ ಉಹೂಂ ಎನ್ನುತ್ತೇನೆ. ಬರಲಿ ಎನಿಸಿದರೆ ಒಂದು ಕಾರ್ಡಿನ ಮೇಲೆ ನಿನ್ನ ಆ ನಂಬರು ಬರೆದು ಹಾಕು, ಸಾಕು.