ಎಲೆಕೋಸಿನ ಆದೇಶ ನುಂಗಿದ್ದು

ಪ್ಯೋಂಗ್ಯಾಂಗ್, ನವೆಂಬರ್ ೧೯೪೮

ಅಕ್ಕಾ,

ತಂಗಿ ಓಕ್‌ಬೂನ್ ಕ್ಷೇಮ. ನಮ್ಮ ಹೊಸ ಸರ್ಕಾರ ನನಗೆ ತಿರುಗುವ ಕುರ್ಚಿ, ಕೆಂಪು ಮಸಿಯ ಮೊಹರು ಎಲ್ಲ ಕೊಟ್ಟಿದೆ. ಆದರೆ ಸ್ವಾತಂತ್ರ್ಯ ಹೋರಾಟದ ಹನ್ನೊಂದು ವರ್ಷ ಜಪಾನಿ ಪೊಲೀಸರ ಕಣ್ಣು ತಪ್ಪಿಸಿ ಗುಟ್ಟಿನ ಚೀಟಿ ನುಂಗಿದ ಚಾಳಿ ಹೋಗಬೇಕಲ್ಲ! ನಿನ್ನೆ ಕಚೇರಿಯವರೆಲ್ಲರ ಚಳಿಗಾಲದ ಕಿಮ್ಚಿ ಉಪ್ಪಿನಕಾಯಿಗೆ ಎಂಟುನೂರು ಎಲೆಕೋಸು ಕೊಡುವಂತೆ ಆದೇಶ ಬರೆದು ಆಗಷ್ಟೇ ಮೊಹರು ಒತ್ತಿದ್ದೆ. ಯಾರೋ ದಬದಬ ಬಾಗಿಲು ಬಡಿದರು. ಹಿಂದುಮುಂದು ನೋಡದೆ ಕಾಗದವನ್ನು ಅಗಿದು ನುಂಗಿಬಿಟ್ಟೆ. ನೋಡಿದರೆ ಬಾರ್ಲಿ ಚಹಾ ತಂದ ಗುಮಾಸ್ತ ಮೆಂಗ್!

"ಆದೇಶ ಎಲ್ಲಿ ಕಾಮ್ರೇಡ್? ಕೋಸಿನ ಗಾಡಿ ಕೆಳಗೆ ಕಾಯ್ತಾ ಇದೆ."

"ಭದ್ರವಾಗಿದೆ," ಎಂದೆ.

"ಅಯ್ಯೋ, ನಾಲಿಗೆ ಯಾಕೆ ಹಿಂಗೆ ಕೆಂಪಗಿದೆ? ತಿಂದ್ಬಿಟ್ರಾ? ಮೊಹರಿಲ್ದೆ ಆ ಮುದುಕ ಒಂದು ಎಲೆನೂ ಇಳಿಸಲ್ಲ!"

ಇನ್ನೇನು ಮಾಡುವುದು? ಕೆಳಗಿಳಿದು ಗಾಡಿಯ ಮುದುಕನ ಮುಂದೆ ಬಾಯಿ ತೆರೆದು ನಿಂತೆ. ಅವನು ಕನ್ನಡಕ ಏರಿಸಿ ನನ್ನ ನಾಲಿಗೆಯನ್ನು ಚೆನ್ನಾಗಿ ಪರೀಕ್ಷಿಸಿದ.

"ಮಸಿ ಸರ್ಕಾರದ್ದೇ. ಇಳಿಸ್ರಪ್ಪಾ!" ಎಂದ.

ಹೊಟ್ಟೆಗೇನೂ ತೊಂದರೆಯಿಲ್ಲ. ಈ ಅಂಚೆ ಕಾರ್ಡನ್ನು ಹಳೆಯ ಪತ್ರಗಳ ಹಾಗೆ ಓದಿ ಸುಡಬೇಡ, ಇಟ್ಟುಕೋ. ಈಗ ಬಾಗಿಲು ಬಡಿಯುವವರು ಚಹಾ ತರುವವರು ಮಾತ್ರ.

ಓಕ್‌ಬೂನ್