ಆರು ಖೋಲಿಯ ಕೀಲಿ

ದೇವಣಗಾಂವ
೨೬-೫-೧೯೭೪

ಚಿರಂಜೀವಿ ಸೌಭಾಗ್ಯವತಿ ರುಕ್ಮವ್ವನಿಗೆ ನಿನ್ನ ಸೋದರಮಾವ ಶ್ರೀಶೈಲಪ್ಪನ ಆಶೀರ್ವಾದಗಳು.

ಇತ್ತ ನಾನು, ನಿನ್ನ ಅತ್ತೆ, ಎರಡು ಎಮ್ಮೆ ಎಲ್ಲರೂ ಕ್ಷೇಮ. ಹುಬ್ಬಳ್ಳಿಯಲ್ಲಿ ನೀನೂ ಅಳಿಯಂದಿರೂ ಹಾಗೇ ಇದ್ದೀರೆಂದು ನಂಬಿದ್ದೇನೆ. ಉತ್ತರ ತಡವಾಯಿತು, ಬೇಸರ ಮಾಡಿಕೊಳ್ಳಬೇಡ. ನಿನ್ನ ಕಾಗದ ಇಪ್ಪತ್ತು ದಿನ ನನ್ನ ತಲೆಯ ಪಟಕಾದ ಮಡಿಕೆಯಲ್ಲೇ ಇತ್ತು. ಮರೆತೆ ಅಂತಲ್ಲ, ದಿನಕ್ಕೊಮ್ಮೆ ತೆಗೆದು ಓದುತ್ತಿದ್ದೆ.

ನೀನು ಬರೆದದ್ದು ಸರಿ. ಸಿಂದಗಿಯಲ್ಲಿ ನಿನ್ನ ಅವ್ವ ಕಟ್ಟಿಸಿದ ಆರು ಖೋಲಿಗಳಲ್ಲಿ ಎರಡು ಹೋದ ಮಳೆಗಾಲದಲ್ಲಿ ಸೋರಿದವು, ಬಾಡಿಗೆಯವರು ಬಿಟ್ಟು ಹೋದರು. ಈ ವರ್ಷವೂ ಸೋರಿದರೆ ಉಳಿದ ನಾಲ್ಕು ಮನೆಯವರೂ ಹೋಗುತ್ತಾರೆ. ಮಿರಗಿನ ಮಳೆಗೆ ಮುಂಚೆ ನೋಡಿಕೊಳ್ಳುವವರು ಯಾರನ್ನಾದರೂ ಹುಡುಕಬೇಕು. ಅಕ್ಕ ಗುರವ್ವ ತೀರಿದಂದಿನಿಂದ ಹನ್ನೊಂದು ವರ್ಷ ಅದರ ಕೀಲಿಗೊಂಚಲು ನನ್ನ ಉಡದಾರದಲ್ಲೇ ಇರುವುದರಿಂದ, ಹುಡುಕುವ ಅಧಿಕಾರವೂ ನನ್ನದೇ.

ನಾಲ್ಕನೇ ಇಯತ್ತೆ ಕಲಿತವನ ತಲೆ ಎಂಥದ್ದೆಂದು ಈಗ ಕೇಳು. ಸಿಂದಗಿಗೆ ಹೋಗಿ, ಆ ಕೆಲಸಕ್ಕೆಂದು ಬಂದವರನ್ನು ಖಾಲಿ ಖೋಲಿಯಲ್ಲಿ ಕೂಡಿಸಿ, ಚಹಾ ತರುತ್ತೇನೆಂದು ಹೇಳಿ, ನಿಚ್ಚಣಿಕೆ ಹತ್ತಿ ಮಾಳಿಗೆಗೆ ಹೋಗುವುದು. ಬೆಳಕಿಂಡಿಯಿಂದ ಒಂದು ಕೊಡ ನೀರು ಬಿಡುವುದು. ಸೋರುವ ಮನೆಯಲ್ಲಿ ಮನುಷ್ಯ ಏನು ಮಾಡುತ್ತಾನೋ ಅದೇ ಪರೀಕ್ಷೆ. ಇಂಥದ್ದು ಸರಕಾರಕ್ಕೂ ಹೊಳೆಯುವುದಿಲ್ಲ.

ಮೊದಲು ಬಂದವರು ಬಸಂತರಾಯರು, ನಿವೃತ್ತ ತಲಾಠಿ. ನೀರು ಬಿಟ್ಟೆ. ಸದ್ದಿಲ್ಲ. ಬಗ್ಗಿ ನೋಡಿದರೆ ಛತ್ರಿ ಬಿಚ್ಚಿಕೊಂಡು ಅಲ್ಲೇ ಕೂತಿದ್ದಾರೆ. "ಶ್ರೀಶೈಲಪ್ಪ, ಚಹಾ ಆತೇನಪಾ?" ಎಂದರು.

ಎರಡನೆಯವ ಗರಡಿಯ ಕಾಳಪ್ಪ. ನೀರು ಬಿದ್ದದ್ದೇ ಹುಲಿಯಂತೆ ಹೊರಗೆ ಬಂದ. "ಬಾಡಗಿ ಮಂದಿ ಮ್ಯಾಲ ನೀರು ಚೆಲ್ಲ್ಯಾರ. ಇವತ್ತ ಎಲ್ಲಾರನ್ನೂ ಹೊರಗ ಹಾಕತೇನಿ" ಎಂದು ಪಕ್ಕದವರು ಮಲಗುವ ಹೊರಸನ್ನು ಎತ್ತಿಯೇಬಿಟ್ಟ. ನಾನು ಇಳಿದು ಬರುವುದರೊಳಗೆ ಅದು ರಸ್ತೆಯಲ್ಲಿತ್ತು.

ಮೂರನೆಯವನು ಬರುವ ಮುಂಚೆ ಒಮ್ಮೆ ಗುರಿ ಸರಿಮಾಡಿಕೊಳ್ಳೋಣವೆಂದು ಮತ್ತೊಂದು ಕೊಡ ಬಿಟ್ಟೆ. ಬಿಸಿಲಿಗೆ ಕಣ್ಣು ಕುಕ್ಕಿ ಬೆಳಕಿಂಡಿ ತಪ್ಪಿತು ನೋಡು. ನೀರು ಹೋದದ್ದು ನಾಲ್ಕನೇ ಖೋಲಿಗೆ. ಬಳೆಗಾರ ಮೀರಾಸಾಬನ ಹೆಂಡತಿ ಹಜರಾಬಿ ಅಲ್ಲಿ ರೊಟ್ಟಿಗೆ ಹಿಟ್ಟು ಇಟ್ಟುಕೊಂಡು ಕೂತಿದ್ದಳು.

ಸ್ವಲ್ಪ ಹೊತ್ತಿಗೆ ನಿಚ್ಚಣಿಕೆಯ ತುದಿಯಲ್ಲಿ ಮೊದಲು ಒಂದು ಬುಟ್ಟಿ ಮಣ್ಣು ಕಂಡಿತು, ಅದರ ಕೆಳಗೆ ಹಜರಾಬಿ.

"ಆಕಾಶದಾಗ ಒಂದು ಮೋಡಿಲ್ಲ, ಮಳಿ ಎಲ್ಲಿಂದ ಬಂತು ಅಂತ ಬಂದೆ. ಮಳಿರಾಯಗ ಮೀಸಿ ಅದಾವ ಅಂತ ಇವತ್ತ ಗೊತ್ತಾತ್ರಿ ಅಣ್ಣಾರ."

"ಪರೀಕ್ಷಾ ನಡಸೇನಿ ಹಜರಾಬಿ."

"ನನ್ನ ಹಿಟ್ಟಿಂದೇನ್ರಿ? ಕಲಸೋದೊಂದು ಉಳಿದಿತ್ತು, ಅದನ್ನೂ ನೀವ ಮಾಡಿದ್ರಿ. ಅಲ್ಲಿ ನಿಂದ್ರಬ್ಯಾಡ್ರಿ, ಹೆಗ್ಗಣ ತೂತು ಹೊಡದೈತಿ, ನಿಮ್ಮ ನೀರು ಅದರಾಗಿಂದನ ಇಳದೈತಿ."

ನನ್ನನ್ನು ಪಕ್ಕಕ್ಕೆ ಸರಿಸಿ ಆ ತೂತಿಗೆ ಮಣ್ಣು ತುಂಬಿ ತುಳಿದಳು. ಆಗ ನೋಡಿದೆ: ನಾಲ್ಕು ಖೋಲಿಯ ಮಾಳಿಗೆ ಹೊಸ ಬಿಳಿಮಣ್ಣು ಮೆತ್ತಿಸಿಕೊಂಡು ನುಣ್ಣಗಿದೆ. ಖಾಲಿಯಾದ ಎರಡರ ಮೇಲೆ ಬಿರುಕು, ಒಣಗಿದ ಹುಲ್ಲು.

"ಇವಕ್ಕೆಲ್ಲ ಮಣ್ಣು ಯಾರು ಹಾಕಸ್ಯಾರ?" ಎಂದೆ.

"ಹಾಕಸೋದೇನ್ರಿ, ವರ್ಷಾ ನಾವ ನಾಕೂ ಮನಿ ಹೆಂಗಸರು ಹೊತ್ತು ಹಾಕತೇವಿ. ಆ ಎರಡಕ್ಕ ನಾ ಹಾಕಸ್ತೇನಿ ಅಂತ ನೀವ ಅಂದಿದ್ರಿ."

ನನಗೆ ಕೆಮ್ಮು ಬಂತು. ಮಾಳಿಗೆಗೆ ಮಣ್ಣು ಹಾಕಿಸಿದ್ದೇನೆಂದು ವರ್ಷವರ್ಷವೂ ನಿನಗೆ ಬರೆದೆನಲ್ಲ, ಆ ಮಾತನ್ನು ಇಷ್ಟಕ್ಕೇ ಬಿಡುತ್ತೇನೆ.

ಮೂರನೆಯವನಿಗೆ ಕಾಯದೆ ಅಲ್ಲೇ, ಮಾಳಿಗೆಯ ಮೇಲೇ ಆಕೆಯನ್ನು ನೇಮಿಸಿದೆ. "ಆತ್ರಿ" ಎಂದಳು, "ಆದರ ಕೊಡ ಹಿಡಕೊಂಡು ನೀವು ನಿಚ್ಚಣಕಿ ಹತ್ತಂಗಿಲ್ಲ." ಮರುದಿನವೇ ಕೆಲಸ ಹಚ್ಚಿದಳು. ನಾನೊಬ್ಬನೇ ಮೂವತ್ತು ಬುಟ್ಟಿ ಮಣ್ಣು ಹೊತ್ತೆ. ಹನ್ನೊಂದು ಎಂದು ಆಕೆ ಹೇಳುತ್ತಾಳೆ, ಆಕೆಗೆ ಎಣಿಕೆ ಬರುವುದಿಲ್ಲ. ಎರಡೂ ಮಾಳಿಗೆ ಈಗ ಕನ್ನಡಿ. ಒಂದು ಖೋಲಿಗೆ ಕನ್ನಡ ಶಾಲೆಯ ಮಾಸ್ತರರೊಬ್ಬರು ಬರುತ್ತೇನೆಂದಿದ್ದಾರೆ. ಆಕೆ ಅವರನ್ನು ಮೊದಲು ಮಾಳಿಗೆ ಹತ್ತಿಸಿ ತೋರಿಸಿ, ಆಮೇಲೆ ಬಾಗಿಲು ತೆಗೆದಳಂತೆ.

ಪರೀಕ್ಷೆಯ ದಿನದ ಊಟದ ಸುದ್ದಿ ಮರೆತೆ. ನೆಂದ ಹಿಟ್ಟಿನದೇ ನಾಲ್ಕು ರೊಟ್ಟಿ ತಟ್ಟಿ ನನ್ನ ಮುಂದಿಟ್ಟಳು. "ನೀವ ಕಲಸಿದ್ದು, ನೀವ ತಿನ್ರಿ." ಶೇಂಗಾದ ಹಿಂಡಿಯ ಜೊತೆ ನಾಲ್ಕೂ ತಿಂದೆ. ಕೂಸೇ, ನೀನಿನ್ನು ನಿಶ್ಚಿಂತೆಯಾಗಿರು. ನಿನ್ನ ಮನೆ ಸೋರದಿರಲಿ, ಹೊಟ್ಟೆ ತಣ್ಣಗಿರಲಿ.

ನಿನ್ನ ಮಾವ
ಶ್ರೀಶೈಲಪ್ಪ

ತಾ.ಕ.: ಕೀಲಿಗೊಂಚಲು ಹಜರಾಬಿಗೆ ಕೊಟ್ಟೆ. ಉಡದಾರದ ಗಂಟು ಬಿಚ್ಚಲು ಬಾರದ್ದಕ್ಕೆ ಮೀರಾಸಾಬ ಕತ್ತರಿ ತಂದ. ಕೂತಾಗ ಏಳುವಾಗ ಕೈ ಈಗಲೂ ಅಲ್ಲಿಗೇ ಹೋಗುತ್ತದೆ. ನೀನು "ಯಾರನ್ನಾದರೂ ಹುಡುಕಿ" ಎಂದು ಬರೆದಿದ್ದೆ. ಒಂದು ಸಲ "ನೀವೇ ನೋಡಿಕೊಳ್ಳಿ ಮಾವ" ಎಂದು ಬರೆದಿದ್ದರೂ ನಾನು ಒಲ್ಲೆ ಅಂತಲೇ ಅನ್ನುತ್ತಿದ್ದೆ. ಆದರೆ ಒಲ್ಲೆ ಅನ್ನುವ ಮಾತಾದರೂ ನನ್ನ ಪಾಲಿಗಿರುತ್ತಿತ್ತು.