ಒಂದು ಊಟದ ಹೊತ್ತು ನಿಂತ ಸೇತುವೆ

ಶಹಾಪುರ
ಇಸವಿ ೨೨೩೧, ನಮ್ಮ ಪಂಚಾಂಗದ ಹದಿಮೂರನೆಯ ತಿಂಗಳ ಮೂರನೆಯ ದಿನ

ಇನ್ನೂರು ವರ್ಷ ಹಿಂದೆ ಪ್ರೋಗ್ರಾಂ ಬರೆಯುತ್ತ ಕೂತಿರುವ ಹಿರಿಯರಿಗೆ ದೇವಿಂದ್ರನ ಶರಣು.

ನನ್ನ ಕೆಲವು ಮಾತು ನಿಮಗೆ ವಿಚಿತ್ರ ಎನಿಸಿದರೆ ಬೇಸರಿಸಬೇಡಿ. ನಮ್ಮ ಬದುಕೇ ಆ ಮಾತುಗಳಲ್ಲಿದೆ. ಇಲ್ಲಿಯ ಗಾಳಿ ಕೆಟ್ಟಿದೆ. ಎದೆ ಸೋತವರು ಸೊಂಟಕ್ಕೆ ಉಸಿರುಪೆಟ್ಟಿಗೆ ಕಟ್ಟಿಕೊಂಡೇ ರೊಟ್ಟಿ ಬಡಿಯುತ್ತಾರೆ, ಸಂತೆಗೆ ಹೋಗುತ್ತಾರೆ, ಜಗಳ ಆಡುತ್ತಾರೆ. ನನ್ನನ್ನು ಸಾಕಿದ ಅಕ್ಕ ನಿಂಬೆವ್ವನೂ ಹಾಗೆಯೇ ಇದ್ದಳು. ಪೆಟ್ಟಿಗೆಯ ಪ್ರೋಗ್ರಾಂ ನಮ್ಮ ಕಾಲದ ಭಾಷೆಯದು. ಆದರೆ ಯಾವ ಉಸಿರಿಗೆ ಎಷ್ಟು ಗಾಳಿ ಎಂಬುದು ಗೊತ್ತಿರುವುದು ನೀವು ನಿಮ್ಮ ಭಾಷೆಯಲ್ಲಿ ಬರೆದಿಟ್ಟ ಹಳೆಯ ಪ್ರೋಗ್ರಾಮಿಗೆ ಮಾತ್ರ. ಪ್ರತಿ ಉಸಿರಿಗೂ ನಮ್ಮದು ನಿಮ್ಮದನ್ನು ಕರೆದು ಕೇಳಬೇಕು. ಎರಡರ ನಡುವೆ ನಿಂತು ಆ ಕರೆ ದಾಟಿಸುವ ತುಣುಕನ್ನು ನಾವು ಕರೆಸೇತು ಎನ್ನುತ್ತೇವೆ.

ಅಕ್ಕನ ಪೆಟ್ಟಿಗೆ ಸವೆದಿತ್ತು. ಹೊಸದಕ್ಕೆ ಸೇತು ಕಟ್ಟಿದವನು ನಮ್ಮ ಓಣಿಯ ಹೊನ್ನೂರಸಾಬ. ಸೇತು ಕಟ್ಟಿದ ಮೇಲೆ ಮನೆಯವರೂ ಕಟ್ಟಿದವನೂ ಒಟ್ಟಿಗೆ ಉಣ್ಣುವುದು ನಮ್ಮಲ್ಲಿಯ ರೂಢಿ. ಕೈ ತೊಳೆಯುವವರೆಗೆ ಪೆಟ್ಟಿಗೆ ನಡೆದರೆ ಸೇತು ಗಟ್ಟಿ ಎಂದು ನಂಬಿಕೆ.

"ಹೊನ್ನೂರಣ್ಣ, ಇವನ ಕಾಲಾಗ ಗಾಲಿ ಅದಾವ ನೋಡು. ಉಣ್ಲಾಕೂ ಒಂದ್ ಕಡಿ ಕುಂದ್ರಲ್ಲ," ಎಂದು ಅಕ್ಕ ನನ್ನನ್ನು ಬೈದಳು.

"ನೀ ಬಾಯಿ ತಡ್ಕೊಂಡ್ರ ಈ ಪೆಟ್ಟಿಗಿ ನೂರು ವರ್ಷ ನಡೀತದ ನಿಂಬೆವ್ವ," ಎಂದ ಅವನು.

ನಕ್ಕೆವು. ಕೈ ತೊಳೆದೆವು.

ಪೆಟ್ಟಿಗೆ ನಿಂತುಹೋದ ಮೇಲೆ ಅದನ್ನು ಬಿಚ್ಚಿ ಹೊನ್ನೂರಸಾಬ ಕಂಡುಕೊಂಡದ್ದು ಇಷ್ಟು. ನಿಮ್ಮ ಪ್ರೋಗ್ರಾಂ ಪ್ರತಿ ಉತ್ತರಕ್ಕೂ ಮೆಮೊರಿಯಲ್ಲಿ ಹೊಸ ಜಾಗ ಹಿಡಿಯುತ್ತದೆ. ಅದನ್ನು ಕರೆದವರೇ ತೆರವು ಮಾಡಬೇಕು. ನಮ್ಮ ಭಾಷೆಯಲ್ಲಿ ಜಾಗ ತಾನಾಗಿಯೇ ಖಾಲಿಯಾಗುತ್ತದೆ, ತೆರವು ಮಾಡುವ ಕೆಲಸವನ್ನೇ ನಾವಾರೂ ಕಂಡಿಲ್ಲ; ಅವನು ಕಟ್ಟಿದ ಸೇತುವಿನಲ್ಲೂ ಅದಿರಲಿಲ್ಲ. ಒಂದು ಊಟದ ಹೊತ್ತಿಗೆ ಮೆಮೊರಿ ತುಂಬಲಿಲ್ಲ. ಮರುದಿನ ಮಧ್ಯಾಹ್ನ ತುಂಬಿತು.

ಅಕ್ಕ ಹಿಟ್ಟು ನಾದುತ್ತಿದ್ದಳು. ಪೆಟ್ಟಿಗೆ ನಿಂತಿತು. ಹೊನ್ನೂರಸಾಬನನ್ನು ಕರೆತರಲು ಎದ್ದ ನನ್ನನ್ನು ಹಿಟ್ಟಿನ ಕೈಯಿಂದಲೇ ಹಿಡಿದಳು.

"ಓಡಬ್ಯಾಡೋ... ಕುಂದ್ರು."

ಕುಳಿತೆ. ಆ ಹಿಡಿತ ಸಡಿಲವಾದ ಮೇಲೂ ಕುಳಿತೇ ಇದ್ದೆ. ಹೊನ್ನೂರಸಾಬ ಈಗ ಸೇತು ಕಟ್ಟುವುದಿಲ್ಲ. ನಮ್ಮ ಹೊಸ್ತಿಲವರೆಗೆ ಬರುತ್ತಾನೆ, ಒಳಗೆ ಕಾಲಿಡದೆ ಹೋಗುತ್ತಾನೆ.

ನಿಮ್ಮ ಮೇಲೆ ಸಿಟ್ಟಿಲ್ಲ. ಹಿಡಿದ ಜಾಗವನ್ನು ತೆರವು ಮಾಡಬೇಕಾದವರು ಯಾರು ಎಂದು ಪ್ರೋಗ್ರಾಮಿನ ಮೇಲ್ಗಡೆ ಒಂದು ಸಾಲು ಬರೆದಿಡಿ. ನಿಮಗದು ಎಲ್ಲರಿಗೂ ಗೊತ್ತಿರುವ ಮಾತು. ನಮಗೆ ಹೇಳಲು ನಿಮ್ಮವರು ಯಾರೂ ಉಳಿದಿಲ್ಲ. ನೀವು ಇದನ್ನು ಓದುವಾಗ ನಮ್ಮಕ್ಕ ಇನ್ನೂ ಹುಟ್ಟಿರುವುದಿಲ್ಲ. ದಯವಿಟ್ಟು ಈಗಲೇ ಬರೆಯಿರಿ.